ಯಾಕ ನಿಂತೀ?

ಬರೆಯದೆ ಬಹಳ ದಿನ ಆಯ್ತು, ಬೈಯಬೇಡಿ. ಊರಿಗೆ ಹೋದೆ, ಬಂದೆ, ಮತ್ತೆ ಹೋದೆ. ಹೀಗೆ ಓಡಾಡುವಾಗ ತಲೆಯಲ್ಲಿ ಹೊಕ್ಕು ಕೂತ ಒಂದು ವಿಷಯ ಇದೆ, ಇಲ್ಲಿ ಇಳಿಸಿಬಿಡ್ತೀನಿ. ಸ್ವಲ್ಪ ಉದ್ದ ಆಗುತ್ತೆ. ಚಹಾ ಹಿಡಕೊಂಡೇ ಕೂತ್ಕೊಳ್ಳಿ.

ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆ ಬೀದಿಯಲ್ಲಿ ಸುಮ್ಮನೆ ನಿಂತವರಿಗೆ ಮೂರು ಪ್ರಶ್ನೆ ಕೇಳ್ತಾರೆ. ಯಾವೂರು? ಯಾಕ ನಿಂತೀ? ಯಾರ ಪೈಕಿ? ಮೊದಲನೇದಕ್ಕೆ ಎಲ್ಲರೂ ಉತ್ತರ ಕೊಡ್ತಾರೆ. ಎರಡನೇದಕ್ಕೆ ನಿಜವಾದ ಉತ್ತರ "ಸುಮ್ನ" ಅಂತ ಇದ್ದರೂ ಯಾರೂ ಹಾಗೆ ಹೇಳೋದಿಲ್ಲ, "ಬಸ್ಸಿನ ಸಲುವಾಗಿ" ಅಂತಾರೆ. ಇನ್ನು ಮೂರನೇದು ಜಾತಿ ಕೇಳುವ ಮರ್ಯಾದಸ್ಥ ದಾರಿ ಅಂತ ನಿಮಗೆ ಗೊತ್ತೇ ಇದೆ. ಎರಡನೇ ಉತ್ತರ ನಂಬಬೇಕೋ ಬೇಡವೋ ಅನ್ನೋದು ತೀರ್ಮಾನ ಆಗೋದು ಈ ಮೂರನೇದರ ಮೇಲೆ.

ಹಾಗಂತ ನಮ್ಮ ಕಡೆ ಸುಮ್ಮನೆ ಕೂಡೋದು ಅಪರಾಧ ಅಂದ್ಕೋಬೇಡಿ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಸೀಮೆ ಇದು. ಕಲ್ಲಿನ ಮನೆ ಹಗಲೆಲ್ಲಾ ಕಾದು ರಾತ್ರಿ ಉಗುಳುತ್ತೆ, ಒಳಗೆ ಕೂತರೆ ಬೆಂದು ಹೋಗ್ತೀರಿ. ಹಾಗಾಗಿ ಸಂಜೆ ಆದರೆ ಇಡೀ ಊರು ಹೊರಗೆ. ಹಣಮಂತದೇವರ ಗುಡಿ ಕಟ್ಟಿ, ಬೇವಿನ ಗಿಡದ ಕಟ್ಟಿ, ಅಗಸಿ, ಚಹಾದಂಗಡಿ ಬೆಂಚು ಎಲ್ಲಾ ಭರ್ತಿ. ಒಂದು ಚಹಾ ಇಬ್ಬರಲ್ಲಿ ಹಂಚಿ ಎರಡು ತಾಸು ಮಾತಾಡುವ ಕಲೆ ನಮ್ಮವರಿಗೆ ಹುಟ್ಟಿನಿಂದ ಬಂದದ್ದು. ಬೆಂಗಳೂರಿನ ಕಾಫಿ ಅಂಗಡಿಗಳಲ್ಲಿ ಇದೇ ಕೆಲಸಕ್ಕೆ ಇನ್ನೂರೈವತ್ತು ರೂಪಾಯಿ ತಗೋತಾರೆ.

ಆದರೆ 'ಹರಟೆ' ಅನ್ನುವ ಅದೇ ಕೆಲಸ ಬೇರೆಯವರು ಮಾಡಿದರೆ 'ವಿನಾಕಾರಣ ಅಡ್ಡಾಡುವುದು' ಆಗುತ್ತೆ. ಗೌಡರು ಕೂತರೆ ಕಟ್ಟಿಗೆ ಕಳೆ, ಕೆಲಸವಿಲ್ಲದ ಹುಡುಗ ಕೂತರೆ ಉಡಾಳ. ಹೆಂಗಸು ಕೂತರೆ... ಅದಕ್ಕೆ ನಮ್ಮ ಭಾಷೆಯಲ್ಲಿ ಬರೆಯುವಂಥ ಪದ ಇಲ್ಲ.

ಇದಕ್ಕೆ ಕಾನೂನು ಏನನ್ನುತ್ತೆ ಅಂತ ಕುತೂಹಲಕ್ಕೆ ಹುಡುಕಿದೆ. ಹುಡುಕಿದ್ದು ಬರೀ ಕುತೂಹಲಕ್ಕಲ್ಲ, ಕಾರಣ ಆಮೇಲೆ ಹೇಳ್ತೀನಿ. ಕರ್ನಾಟಕ ಪೊಲೀಸ್ ಕಾಯ್ದೆ 1963ರಲ್ಲಿ 96ನೇ ಕಲಂ ಇದೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಅನುಮಾನ ಬರುವ ಹಾಗೆ ಸಿಕ್ಕವರ ಬಗ್ಗೆ. ಕೆಟ್ಟ ಉದ್ದೇಶದಿಂದ ಮುಖ ಮುಚ್ಚಿಕೊಂಡವರು, ಮನೆ ಒಡೆಯುವ ಸಾಮಾನು ಇಟ್ಟುಕೊಂಡವರು, ಕಳ್ಳ ಅಂತ ಹೆಸರಾದವನು ಬೀದಿಯಲ್ಲಿ ಮಲಗಿದ್ದು ಅಥವಾ ಸುಳಿದಾಡಿದ್ದಕ್ಕೆ ಸಮಾಧಾನಕರ ಕಾರಣ ಕೊಡಲಾಗದಿದ್ದರೆ, ಹೀಗೆ. ಓದಿದರೆ ಸರಿಯಾಗೇ ಇದೆ ಅನ್ಸುತ್ತೆ. 'ಸಮಾಧಾನಕರ' ಅನ್ನೋ ಶಬ್ದದ ಹತ್ತಿರ ಮಾತ್ರ ಸ್ವಲ್ಪ ನಿಲ್ಲಬೇಕು. ಯಾರಿಗೆ ಸಮಾಧಾನ?

ಇನ್ನೊಂದು, ಎಲ್ಲರ ಬಾಯಲ್ಲಿ 'ಒಂದು ನೂರಾ ಒಂಬತ್ತು' ಅಂತಲೇ ಹೆಸರಾದದ್ದು. ಹಳೇ ದಂಡ ಪ್ರಕ್ರಿಯಾ ಸಂಹಿತೆಯ 109ನೇ ಕಲಂ. 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಬಂದ ಮೇಲೆ ಅದು 128 ಆಗಿದೆ. ಸಂಖ್ಯೆ ಬದಲಾಯ್ತು, ಒಳಗಿನ ಮಾತು ಅದೇ. ಅಪರಾಧ ಮಾಡುವ ಉದ್ದೇಶದಿಂದ ಒಬ್ಬ ತನ್ನ ಇರುವಿಕೆಯನ್ನು ಮರೆಮಾಚಲು ಎಚ್ಚರಿಕೆ ವಹಿಸುತ್ತಿದ್ದಾನೆ ಅಂತ ಮಾಹಿತಿ ಬಂದರೆ, ಕಾರ್ಯನಿರ್ವಾಹಕ ದಂಡಾಧಿಕಾರಿ, ಅಂದರೆ ನಮ್ಮಲ್ಲಿ ಸಾಮಾನ್ಯವಾಗಿ ತಹಶೀಲ್ದಾರರು, ಅವನಿಂದ ಒಂದು ವರ್ಷದವರೆಗೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಅವನು ಏನಾದರೂ ಮಾಡಿರಬೇಕು ಅಂತೇನೂ ಇಲ್ಲ, ಮುಂದೆ ಮಾಡಬಹುದು ಅನ್ನಿಸಿದರೆ ಸಾಕು.

1898ರ ಸಂಹಿತೆಯಲ್ಲಿ ಇದೇ ಕಲಮಿಗೆ ಇನ್ನೊಂದು ಬಾಲ ಇತ್ತು. ಕಣ್ಣಿಗೆ ಕಾಣುವ ಜೀವನೋಪಾಯ ಇಲ್ಲದವನನ್ನೂ, ತನ್ನ ಬಗ್ಗೆ ತೃಪ್ತಿಕರ ವಿವರ ಕೊಡಲಾರದವನನ್ನೂ ಹಿಡಿಯಬಹುದಿತ್ತು. 1973ರ ಸಂಹಿತೆಯಲ್ಲಿ ಆ ಬಾಲ ಕತ್ತರಿಸಿದರು. ಪುಸ್ತಕದಲ್ಲಿ ಕತ್ತರಿಸಿದರು ಅಂತ ಹೇಳೋದು ಸರಿ, ಯಾಕಂದ್ರೆ ಗಸ್ತಿನವರ ಬಾಯಲ್ಲಿ ಆ ಪ್ರಶ್ನೆ ಇವತ್ತಿಗೂ ಇದೆ. "ಏನ್ ಕೆಲ್ಸ ಮಾಡ್ತೀ?"

ಈಗ ಆ ಕಾರಣ. ನನ್ನ ಜೊತೆ ಪಿಯುಸಿ ಓದಿದವನೊಬ್ಬ ಇದ್ದಾನೆ. ಹೆಸರು ಬೇಡ. ನಮ್ಮ ಕಡೆ ಹರಣಶಿಕಾರಿ ಅಂತಾರಲ್ಲ, ಆ ಸಮುದಾಯದವನು. ಗಾರೆ ಕೆಲಸ ಚೆನ್ನಾಗಿ ಕಲಿತ, ಬೆಂಗಳೂರು ಸೇರಿದ, ಟೈಲ್ಸ್ ಕೂಡಿಸೋದರಲ್ಲಿ ಎತ್ತಿದ ಕೈ. ಹಬ್ಬಕ್ಕೆ ಊರಿಗೆ ಬಂದು ವಾಪಸು ಹೋಗುವಾಗ ಬೇರೆ ಜಿಲ್ಲೆಯ ಒಂದು ಊರಿನಲ್ಲಿ (ಆ ಹೆಸರೂ ಬೇಡ) ಬಸ್ಸು ತಪ್ಪಿತು. ರಾತ್ರಿ ಒಂದೂವರೆ. ಇನ್ನೊಂದು ಬಸ್ಸು ನಾಲ್ಕಕ್ಕೆ. ರಸ್ತೆ ಬದಿ ದೀಪದ ಕಂಬದ ಕೆಳಗೆ ಚೀಲ ಇಟ್ಟುಕೊಂಡು ನಿಂತಿದ್ದಾನೆ. ಚೀಲದಲ್ಲಿ ಕರಣಿ, ಸುತ್ತಿಗೆ, ಟೈಲ್ಸ್ ಕತ್ತರಿಸೋ ಯಂತ್ರ, ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ. ಗಸ್ತಿನ ಜೀಪು ಬಂತು. ಮೂರು ಪ್ರಶ್ನೆ ಆದವು. ಮೂರನೇದಕ್ಕೆ ಇವನು ನಿಜ ಹೇಳಿದ.

ಬೆಳಗಾದ ಮೇಲೆ ಕಾಗದ ತಯಾರಾಗಿತ್ತು. ಪೊಲೀಸರನ್ನು ಕಂಡು ತನ್ನ ಇರುವಿಕೆಯನ್ನು ಮರೆಮಾಚಲು ಪ್ರಯತ್ನಿಸಿದ, ವಿಚಾರಿಸಲಾಗಿ ಸಮರ್ಪಕ ಉತ್ತರ ನೀಡಲಿಲ್ಲ, ಮುಂಜಾಗ್ರತಾ ಕ್ರಮವಾಗಿ ಇತ್ಯಾದಿ. ಜಾಮೀನಿಗೆ ಜನ ಬೇಕು, ಆ ಊರಲ್ಲಿ ಇವನಿಗೆ ಯಾರು? ಅವರ ಕಾಕಾ ಬಂದು ಬಿಡಿಸುವಷ್ಟರಲ್ಲಿ ನಾಲ್ಕು ದಿನದ ಕೂಲಿ ಹೋಯ್ತು, ಮೇಸ್ತ್ರಿ ಬೇರೆಯವನನ್ನ ತಗೊಂಡ. ಫೋನಿನಲ್ಲಿ ನಗುತ್ತಲೇ ಹೇಳಿದ. "ಲೈಟಿನ ಬುಡಕ ನಿಂತಿದ್ದೆ ಮಾರಾಯ್ತಿ. ಇನ್ನೆಷ್ಟು ಕಾಣಬೇಕಿತ್ತು ನಾ?"

ಅವತ್ತಿನಿಂದ ಈ ಮಾತು ನನ್ನ ಬಿಟ್ಟಿಲ್ಲ. ಅದಕ್ಕೇ ಇಷ್ಟೆಲ್ಲಾ ಓದಿದ್ದು.

ಓದುತ್ತಾ ಹೋದರೆ ದಾರಿ ಸುತ್ತಿ ಬಳಸಿ ನಮ್ಮ ಸುರಪುರಕ್ಕೇ ಬಂತು ನೋಡಿ! ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ಚಿಕ್ಕವರಿದ್ದಾಗ ಶಾಲೆಯಿಂದ ಸಾಲಾಗಿ ಕರೆದುಕೊಂಡು ಹೋಗಿ ತೋರಿಸೋರು. ಮೆಡೋಸ್ ಟೇಲರ್ ಸಾಹೇಬ 1840ರ ದಶಕದ ಆರಂಭದಿಂದ 1853ರವರೆಗೆ ಸುರಪುರ ಸಂಸ್ಥಾನ ನೋಡಿಕೊಂಡವನು, ಬಾಲಕ ರಾಜ ವೆಂಕಟಪ್ಪ ನಾಯಕನನ್ನು ಸಾಕಿದವನು. ಊರಲ್ಲಿ ಇವತ್ತಿಗೂ ಅವನ ಬಗ್ಗೆ ಒಳ್ಳೇ ಮಾತೇ ಇದೆ. ಅವನೇ 1839ರಲ್ಲಿ ಥಗ್ಗನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದು. ದಾರಿಯಲ್ಲಿ ಓಡಾಡುವ ಅಪರಿಚಿತ ಅಂದರೆ ಕೊರಳಿಗೆ ರುಮಾಲು ಹಾಕುವವನು ಅನ್ನುವ ಹೆದರಿಕೆ ಆ ಕಾಲದ್ದು. 1836ರಲ್ಲೇ ಕಂಪನಿ ಸರ್ಕಾರ ಒಂದು ಕಾಯ್ದೆ ಮಾಡಿತ್ತು. ಥಗ್ಗರ ಗುಂಪಿಗೆ ಸೇರಿದವನು ಅಂತ ಸಾಬೀತಾದರೆ ಸಾಕು, ಜೀವಾವಧಿ. ಕೊಲೆ ಮಾಡಿದನೋ ಇಲ್ಲವೋ ಬೇರೆ ಮಾತು. ಟೇಲರ್ ಒಳ್ಳೆಯವನೇ ಇರಬಹುದು, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮಾಡಿದ್ದನ್ನ ಬಿಟ್ಟು ಯಾರು ಅನ್ನೋದನ್ನ ಕೇಳುವ ಕಾನೂನು ಆಗ ಶುರುವಾಯ್ತು. 1871ರಲ್ಲಿ ಅದು ಅಪರಾಧಿ ಬುಡಕಟ್ಟುಗಳ ಕಾಯ್ದೆ ಆಗಿ ಬೆಳೀತು. ಹುಟ್ಟಿದ ಕೂಸೇ ಪಟ್ಟಿಯಲ್ಲಿ. ಊರು ಬಿಡೋಕೆ ಪರವಾನಗಿ, ಠಾಣೆಯಲ್ಲಿ ಹಾಜರಿ. ಹುಬ್ಬಳ್ಳಿ, ಗದಗ, ವಿಜಯಪುರದಲ್ಲಿ ಈಗಲೂ 'ಸೆಟ್ಲಮೆಂಟ್' ಅನ್ನೋ ಓಣಿಗಳಿವೆಯಲ್ಲ, ಆ ಜನರನ್ನ ಮುಂಬಯಿ ಸರ್ಕಾರ ತಂತಿ ಬೇಲಿಯೊಳಗೆ ಕೂಡಿಹಾಕಿದ ಜಾಗ ಅವು. ಆಟೋದವರಿಗೆ ಹೇಳಿ ಇಳಿಯುವ ನಾವು ಆ ಹೆಸರು ಎಲ್ಲಿಂದ ಬಂತು ಅಂತ ಯೋಚಿಸೋದಿಲ್ಲ.

1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ಹೋಯ್ತು, ಅದಕ್ಕೇ ಆ ದಿನವನ್ನ ವಿಮುಕ್ತ ದಿನ ಅಂತ ಆಚರಿಸ್ತಾರೆ. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ಕರ್ನಾಟಕದ್ದು 1961ರದು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜೈಲುಗಳ ಜಾತಿ ತಾರತಮ್ಯದ ಬಗ್ಗೆ ತೀರ್ಪು ಕೊಟ್ಟಾಗ, ವಿಮುಕ್ತ ಬುಡಕಟ್ಟಿನವರನ್ನ ಮನಸ್ಸಿಗೆ ಬಂದ ಹಾಗೆ ಹಿಡಿಯಬಾರದು ಅಂತ ಪೊಲೀಸರಿಗೂ ಹೇಳಿತು. ಪತ್ರಕರ್ತೆ ಸುಕನ್ಯಾ ಶಾಂತಾ ಹಾಕಿದ ಅರ್ಜಿ ಅದು. ನನ್ನ ಗೆಳೆಯನಿಗೆ ಆ ಸುದ್ದಿ ಕಳಿಸಿದೆ. "ಪ್ರಿಂಟ್ ತಗದು ಚೀಲದಾಗ ಇಟ್ಕೋತೀನಿ" ಅಂದ. ತಮಾಷೆಗೆ ಅಂದನೋ ನಿಜಕ್ಕೆ ಅಂದನೋ ತಿಳೀಲಿಲ್ಲ.

ನಿಜಾಮನ ಕಾಲದ್ದೂ ಒಂದು ಹೇಳಿಬಿಡ್ತೀನಿ. 1860ರಲ್ಲಿ ಬ್ರಿಟಿಷರು ಸುರಪುರವನ್ನ ನಿಜಾಮನಿಗೆ ಒಪ್ಪಿಸಿದರು, 1858ರ ಬಂಡಾಯದಲ್ಲಿ ತಮ್ಮ ಜೊತೆ ನಿಂತಿದ್ದಕ್ಕೆ ಇನಾಮು. ಅಲ್ಲಿಂದ 1948ರ ಸೆಪ್ಟೆಂಬರ್‌ವರೆಗೆ ನಾವು ಹೈದರಾಬಾದಿನವರು. 1920ರ ದಶಕದಲ್ಲಿ ಅಲ್ಲಿ 'ಗಷ್ತಿ ನಿಶಾನ್ 53' ಅನ್ನೋ ಸುತ್ತೋಲೆ ಬಂತು, ಅನುಮತಿಯಿಲ್ಲದೆ ಸಭೆ ಸೇರುವ ಹಾಗಿಲ್ಲ ಅಂತ. ನಮ್ಮಜ್ಜ ಹೇಳ್ತಿದ್ದರು, ಪುರಾಣ ಹಚ್ಚೋದಕ್ಕೆ ಮಾತ್ರ ಯಾರೂ ತಕರಾರು ಮಾಡ್ತಿರಲಿಲ್ಲವಂತೆ. ಅದಕ್ಕೇ ಆ ವರ್ಷಗಳಲ್ಲಿ ಊರಲ್ಲಿ ಭಕ್ತಿ ಬಹಳ ಹೆಚ್ಚಾಗಿತ್ತಂತೆ!

ಸುತ್ತೋಲೆ ಹೋಯ್ತು, ಗಸ್ತು ಉಳೀತು. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂದಾಗ ಇಡೀ ದೇಶಕ್ಕೇ 'ಯಾಕ ನಿಂತೀ' ಅನ್ನಿಸಿಕೊಳ್ಳುವ ಅನುಭವ ಆಯ್ತು. ಬಸ್ಕಿ ಹೊಡೆಸೋದು, ಲಾಠಿಯಲ್ಲಿ ಕಾಲಿಗೆ ಬಿಡೋದು, ಅದರ ವಿಡಿಯೋ ನೋಡಿ ನಾವೆಲ್ಲಾ ನಕ್ಕಿದ್ದು. ರೋಗದ ಹೆದರಿಕೆ ನಿಜವೇ, ಮನೆಯಲ್ಲಿರಿ ಅಂದದ್ದೂ ತಪ್ಪಲ್ಲ. ಒಂದೇ ಖೋಲಿಯಲ್ಲಿ ಎಂಟು ಜನ ಇರುವವರಿಗೆ ಮನೆ ಅಂದರೆ ಮಲಗುವ ಜಾಗ ಅಷ್ಟೇ, ಉಳಿದ ಸಂಸಾರವೆಲ್ಲಾ ಬೀದಿಯಲ್ಲೇ ಅನ್ನೋದು ಆದೇಶ ಬರೆದವರಿಗೆ ಹೊಳೆದಿರಲಿಕ್ಕಿಲ್ಲ. ಮೇ ತಿಂಗಳಲ್ಲಿ ಮುಂಬಯಿ, ಪುಣೆಯಿಂದ ಗುಳೆ ಹೋದವರು ವಾಪಸು ಬಂದರು. ಯಾದಗಿರಿ ಜಿಲ್ಲೆಯ ಶಾಲೆ, ಹಾಸ್ಟೆಲುಗಳೆಲ್ಲಾ ಕ್ವಾರಂಟೈನ್ ಆದವು. ಅವರದೇ ಊರಿನ ಅಗಸಿಯಲ್ಲಿ ಮುಳ್ಳುಕಂಟಿ ಹಚ್ಚಿ ಅವರನ್ನೇ ತಡೆದದ್ದನ್ನ ನಮ್ಮ ಚಿಗವ್ವ ಕಣ್ಣಾರೆ ನೋಡಿದಳು.

ಗುಳೆ ಅಂದಮೇಲೆ ಬೆಂಗಳೂರಿನ ಮಾತೂ ಬರಬೇಕು. ನಮ್ಮ ಮೂರು ಊರಿನ ಸುತ್ತಲಿನ ಜನ ಕಟ್ಟಿದ ಕಟ್ಟಡ ಎಷ್ಟಿವೆಯೋ ಬೆಂಗಳೂರಲ್ಲಿ. ಕಟ್ಟಿ ಮುಗಿದ ಮರುದಿನ ಅದರ ಮುಂದೆ ನಿಂತರೆ ವಾಚ್‌ಮನ್ ಓಡಿಸ್ತಾನೆ. (ಆ ವಾಚ್‌ಮನ್ನೂ ಬಹಳ ಸಲ ನಮ್ಮ ಕಡೆಯವನೇ, ಅದು ಬೇರೆ ಕಥೆ.) ಮೊದಲೆಲ್ಲಾ ಅಲ್ಲಿಯ ಬಡಾವಣೆ ಪಾರ್ಕುಗಳಿಗೆ ಮಧ್ಯಾಹ್ನ ಬೀಗ ಬೀಳ್ತಿತ್ತು. ಸರಿಯಾಗಿ ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ನೆರಳಿಗೆ ಬೀಗ! 2024ರಲ್ಲಿ ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ತೆರೆದಿಡಬೇಕು ಅಂತ ಆದೇಶ ಆದಾಗ, ಅದಕ್ಕೂ ಒಂದಷ್ಟು ನಿವಾಸಿಗಳು ಬೇಡ ಅಂದರು. ಕಾರಣ ಊಹಿಸಿ, 'ಯಾರ್ಯಾರೋ ಬಂದು ಮಲಗ್ತಾರೆ.' ಮಲಗಿದವರಿಗೆ ಭಿಕ್ಷುಕರ ಕಾಯ್ದೆಯ ಹೆದರಿಕೆ ಬೇರೆ. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ 1975ರದು. 2010ರ ಆಗಸ್ಟಿನಲ್ಲಿ ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರದಲ್ಲಿ ಸಾಲು ಸಾಲು ಸಾವುಗಳಾದಾಗ, ಭಿಕ್ಷೆ ಬೇಡದವರನ್ನೂ ಹಿಡಿದು ತಂದಿದ್ದರು ಅನ್ನುವ ದೂರು ಪತ್ರಿಕೆಗಳಲ್ಲಿ ಬಂದದ್ದು ನಿಮಗೆ ನೆನಪಿರಬಹುದು. ಕೊಳೆ ಬಟ್ಟೆ, ರಸ್ತೆ ಬದಿ ನಿದ್ದೆ. ಕೂಲಿಯವನಿಗೂ ಭಿಕ್ಷುಕನಿಗೂ ದೂರದಿಂದ ಏನು ವ್ಯತ್ಯಾಸ ಕಾಣುತ್ತೆ?

ಇದು ನಮ್ಮ ದೇಶದ ರೋಗ ಮಾತ್ರ ಅಲ್ಲ. ಇಂಗ್ಲೆಂಡಿನಲ್ಲಿ 1824ರಲ್ಲೇ ಅಲೆಮಾರಿಗಳ ಕಾಯ್ದೆ ಬಂತು. ನೆಪೋಲಿಯನ್ ಯುದ್ಧ ಮುಗಿಸಿ ಬಂದ ಸೈನಿಕರು ಮನೆ ಮಠ ಇಲ್ಲದೆ ಬೀದಿಯಲ್ಲಿ ಬಿದ್ದಿದ್ದ ಕಾಲ ಅದು. ಅಮೆರಿಕದ ಜಾಕ್ಸನ್‌ವಿಲ್ ಊರಿನಲ್ಲಿ 'ಕಾನೂನುಬದ್ಧ ಉದ್ದೇಶವಿಲ್ಲದೆ ಅಲ್ಲಿಂದಿಲ್ಲಿಗೆ ತಿರುಗುವವರು' ಅಪರಾಧಿಗಳು ಅಂತ ನಿಯಮ ಇತ್ತು. ಇಬ್ಬರು ಕರಿಯ ಹುಡುಗರು, ಇಬ್ಬರು ಬಿಳಿಯ ಹುಡುಗಿಯರು ಒಂದೇ ಕಾರಿನಲ್ಲಿ ಹೋಗುತ್ತಿದ್ದದ್ದು ಅದರಲ್ಲಿ ಸಿಕ್ಕಿಬಿತ್ತು. 1972ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಏನು ಮಾಡಿದರೆ ತಪ್ಪು ಅಂತ ಯಾರಿಗೂ ತಿಳಿಯದ ನಿಯಮ ನಿಯಮವೇ ಅಲ್ಲ ಅನ್ನುವ ಅರ್ಥದಲ್ಲಿ ಅದನ್ನ ಕಿತ್ತು ಹಾಕಿತು.

ಹೆಂಗಸರ ವಿಷಯಕ್ಕೆ ಬರ್ತೀನಿ, ಅದು ನನ್ನದೇ ವಿಷಯ. ನಮ್ಮನ್ನ ನಿಲ್ಲಬೇಡ ಅನ್ನೋದಕ್ಕೆ ಯಾವ ಕಲಮೂ ಬೇಕಾಗಿಲ್ಲ. ನಾನು ಹುಟ್ಟಿ ಬೆಳೆದ ಓಣಿಯ ಕಟ್ಟಿಯ ಮೇಲೆ ಇವತ್ತಿನವರೆಗೆ ಕೂತಿಲ್ಲ. ಕೂಡಬಾರದು ಅಂತ ಯಾರೂ ಹೇಳಿಯೂ ಇಲ್ಲ. ಹೆಂಗಸರಿಗೆ ಮನೆ ಹೊರಗೆ ನಿಲ್ಲಬೇಕಾದರೆ ಕೈಯಲ್ಲಿ ಏನಾದರೂ ಇರಬೇಕು. ಕೊಡ, ಬುಟ್ಟಿ, ಕೂಸು, ಕಾಯಿ-ಕರ್ಪೂರ. ನಳದ ಸರತಿಯಲ್ಲಿ ತಾಸುಗಟ್ಟಲೆ ನಿಂತು ಜಗತ್ತಿನ ಸುದ್ದಿಯೆಲ್ಲಾ ಮಾತಾಡುತ್ತಿದ್ದ ನಮ್ಮವ್ವನಿಗೆ ಮನೆಗೇ ನಳ ಬಂದಾಗ ಖುಷಿಯಾಯ್ತು. ಸೊಂಟ ನೋವು ಹೋಯ್ತು. ಗೆಳತಿಯರೂ ಹೋದರು. ಅದಕ್ಕಿಂತ ಮುಂಚೆ ಕತ್ತಲಾದ ಮೇಲೆ ತಂಬಿಗಿ ಹಿಡಿದು ಹೊರಗೆ ಹೋಗುವ ಕಷ್ಟ ಇತ್ತಲ್ಲ, ಹಾವು, ಚೇಳು, ಗಂಡಸರ ಬ್ಯಾಟರಿ ಬೆಳಕು... ಆ ದಿನಗಳು ವಾಪಸು ಬರಲಿ ಅಂತ ಯಾವ ಹೆಂಗಸೂ ಅನ್ನಲಾರಳು. ಆದರೂ ಆ ಅರ್ಧ ತಾಸಿನ ಮಾತು ಮಾತ್ರ ಬೇಕಿತ್ತು ಅಂತ ನಮ್ಮ ಚಿಗವ್ವ ಈಗಲೂ ಅಂತಾಳೆ.

ಕಾಲೇಜಿನ ಗೇಟಿನ ಮುಂದೆ ನಿಲ್ಲುವ ಹುಡುಗರನ್ನ ಓಡಿಸಬೇಡಿ ಅಂತೀಯಾ ಅಂತ ನೀವು ಕೇಳಬಹುದು. ಆ ಗೇಟಿನಿಂದ ತಲೆ ತಗ್ಗಿಸಿ ಹೊರಗೆ ಬಂದವಳು ನಾನೇ. ಚುಡಾಯಿಸಿದವನನ್ನ ಹಿಡೀರಿ. ಹಿಂಬಾಲಿಸೋದು, ಕಾಡೋದು 2013ರಿಂದ ಸ್ಪಷ್ಟವಾಗಿ ಅಪರಾಧ, ಹೊಸ ಸಂಹಿತೆಯಲ್ಲೂ 75, 78ನೇ ಕಲಮುಗಳಿವೆ. ಆದರೆ ಅದಕ್ಕೆ ದೂರು ಕೊಡಬೇಕು, ಸಾಕ್ಷಿ ಬೇಕು, ಕೆಲಸ ಜಾಸ್ತಿ. ನಿಂತವರನ್ನೆಲ್ಲಾ ಓಡಿಸೋದು ಸುಲಭ. ಜೀಪು ಹೋದ ಮೇಲೆ ಯಾರು ಮೊದಲು ವಾಪಸು ಬರ್ತಿದ್ದರು ಗೊತ್ತಾ? ಚುಡಾಯಿಸುವವರೇ. ಅವರಿಗೆ ಬೈಕಿತ್ತು. ಎಮ್ಮೆ ಕಾಯುತ್ತ ನಿಂತ ಹುಡುಗ, ಕಡಲೆ ಮಾರುವವ ಬರ್ತಿರಲಿಲ್ಲ. ಬೀದಿಯಲ್ಲಿ ನಾಲ್ಕು ಜನ ಸುಮ್ಮನೆ ಕೂತಿದ್ದರೆ ನನಗೆ ಧೈರ್ಯ, ಖಾಲಿ ಬೀದಿಯೇ ಹೆದರಿಕೆ. ಮುಂಬಯಿಯ ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಅನ್ನುವವರು 2011ರಲ್ಲಿ ಇದೇ ವಿಷಯಕ್ಕೆ ಒಂದು ಇಡೀ ಪುಸ್ತಕ ಬರೆದಿದ್ದಾರೆ, ಹೆಂಗಸರಿಗೆ ರಕ್ಷಣೆಗಿಂತ ಮೊದಲು ಸುಮ್ಮನೆ ಅಡ್ಡಾಡುವ ಹಕ್ಕು ಬೇಕು ಅಂತ. ಬೆಂಗಳೂರಿನಲ್ಲಿ 2003ರಲ್ಲಿ ಶುರುವಾದ ಬ್ಲ್ಯಾಂಕ್ ನಾಯ್ಸ್ ಗುಂಪಿನವರು ಮುಂದೆ ಹೆಂಗಸರನ್ನ ಪಾರ್ಕಿಗೆ ಕರೆದು ಮಲಗಿಸಿದರು. ಹೌದು, ಬರೀ ಮಲಗೋದು. ನಾನೊಮ್ಮೆ ಕಬ್ಬನ್ ಪಾರ್ಕಿನ ಹುಲ್ಲಿನ ಮೇಲೆ ಒಬ್ಬಳೇ ಮಲಗಿ ನೋಡಿದೆ. ಇಪ್ಪತ್ತು ನಿಮಿಷ. ಹದಿನೈದು ನಿಮಿಷ ಕಣ್ಣು ಮುಚ್ಚಲಿಕ್ಕಾಗಲಿಲ್ಲ.

ಸುರಪುರದಲ್ಲಿ ಹಾಗೆ ಮಲಗುವ ಧೈರ್ಯ ನನಗಿಲ್ಲ ಬಿಡಿ. ಯಾದಗಿರಿ ಸ್ಟೇಷನ್ನಿನಲ್ಲಿ ಮಾತ್ರ ಕೂತಿದ್ದೇನೆ. ಹತ್ತು ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ಟು, ಎರಡು ತಾಸು. ಟಿಕೆಟ್ಟು ಕೈಯಲ್ಲಿದ್ದರೆ ಯಾರೂ ಏನೂ ಕೇಳೋದಿಲ್ಲ. ಗುಳೆ ಹೊರಟ ಮಂದಿ ಗಂಟು ಮೂಟೆಯ ಮೇಲೆ ಮಕ್ಕಳನ್ನ ಮಲಗಿಸಿರ್ತಾರೆ. ಉದ್ಯಾನ್ ಎಕ್ಸ್‌ಪ್ರೆಸ್ ಬಂದು ಹೋಗುತ್ತೆ. ನಮ್ಮ ಕಡೆ ಹೆಂಗಸರಿಗೆ ಸಿಕ್ಕ ಉದ್ಯಾನ ಅದೊಂದೇ ಅಂತ ಗೆಳತಿಯೊಬ್ಬಳು ನಗ್ತಾಳೆ.

ಇತ್ತೀಚೆಗೆ ಇನ್ನೊಂದು ಶುರುವಾಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ಹೆಂಗಸರಿಗೆ ಬಸ್ಸು ಬಿಟ್ಟಿ. ಅದರ ಬಗ್ಗೆ ಗಂಡಸರ ಜೋಕು ಎಷ್ಟು ಕೇಳಿದೀನೋ. ನಮ್ಮ ಚಿಗವ್ವ ಈಗ ತಿಂಗಳಿಗೆರಡು ಸಲ ಸುರಪುರದಿಂದ ಶಹಾಪುರಕ್ಕೆ ಹೋಗ್ತಾಳೆ. ಕಾರಣ ಕಣ್ಣು ತೋರಿಸೋದು. ಕಣ್ಣಿಗೆ ಏನೂ ಆಗಿಲ್ಲ, ನನಗೆ ಗೊತ್ತು. ಅಲ್ಲಿ ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ನಳದ ಸರತಿಯ ಕಾಲದ ಗೆಳತಿ ಬಂದು ಕೂತಿರ್ತಾಳೆ, ಶಹಾಪುರದ ಹತ್ತಿರದ ಹಳ್ಳಿಗೆ ಮಗಳ ಮನೆಗೆ ಹೋಗಿ ನೆಲೆಸಿದವಳು. ಇಬ್ಬರೂ ಒಂದು ಪೊಟ್ಟಣ ಮಂಡಾಳ ವಗ್ಗರಣಿ, ಎರಡು ಮಿರ್ಚಿ ತಗೊಂಡು, ದೂರದಲ್ಲಿ ಮಲಗಿದ ಬುದ್ಧನ ಹಾಗೆ ಕಾಣುವ ಗುಡ್ಡದ ಕಡೆ ಮುಖ ಮಾಡಿ ಕೂತುಬಿಡ್ತಾರೆ. ಒಂದು ಬಸ್ಸು ಹೋಗುತ್ತೆ, ಇನ್ನೊಂದು ಹೋಗುತ್ತೆ. ಹೋದ ತಿಂಗಳು ನಾನೂ ಜೊತೆಗಿದ್ದೆ. ಖಾಕಿ ಅಂಗಿಯವನೊಬ್ಬ ಹತ್ತಿರ ಬಂದು, "ಯಾವ ಬಸ್ಸಿಗಿ ನಿಂತೀರಿ ಯವ್ವಾ? ಸುರಪುರದ್ದು ಮೂರು ಹೋದುವಲ್ಲ" ಅಂದ.

ಚಿಗವ್ವ ಮಿರ್ಚಿಯ ತೊಟ್ಟು ತೆಗೆದು ಪಕ್ಕಕ್ಕಿಟ್ಟು ಅಂದಳು, "ಮುಂದಿಂದು ಬರ್ಲಿ ತಮ್ಮಾ. ಇದರಾಗ ಗದ್ದಲ ಭಾಳ ಐತಿ."

ಬಸ್ಸು ಖಾಲಿ ಇತ್ತು.